ಪೆಟ್ಟಿನ ಲೆಕ್ಕ ಇಡೋರು ಯಾರು?

ಹೋದ ವರ್ಷ ಮಾರ್ಚ್‌ನ ಒಂದು ಸಂಜೆ ನಮ್ಮ ಟೀಮಿನ ಒಬ್ಬ ಹುಡುಗಿಯನ್ನ ಎಲ್ಲರ ಎದುರಿಗೆ ಚೆನ್ನಾಗಿ ಜಾಡಿಸಿದೆ. ಅವಳಿಗೆ ಅದು ಮೊದಲನೇ ಕೆಲಸ, ಸೇರಿ ಹನ್ನೊಂದು ತಿಂಗಳಾಗಿತ್ತು. ಅವಳು ಬರೆದ ಕೋಡಿನಿಂದ ಒಂದಷ್ಟು ಗ್ರಾಹಕರಿಗೆ ಎರಡೆರಡು ಸಲ ಬಿಲ್ ಹೋಗಿತ್ತು. ತಪ್ಪು ಅವಳದ್ದೇ, ಅದರಲ್ಲಿ ಅನುಮಾನ ಇರಲಿಲ್ಲ. ಇಪ್ಪತ್ತು ನಿಮಿಷ ನಾನು ಮಾತಾಡಿದೆ. ಅವಳು "ಸರಿ ಸರ್" ಅಂದಳು, ಲ್ಯಾಪ್‌ಟಾಪ್ ಮುಚ್ಚಿಕೊಂಡು ತನ್ನ ಜಾಗಕ್ಕೆ ಹೋದಳು. ಅಳಲಿಲ್ಲ, ಎದುರು ಮಾತಾಡಲಿಲ್ಲ.

ಆಮೇಲೆ ಕಾಫಿ ಮೆಷಿನ್ ಹತ್ರ ಸಹೋದ್ಯೋಗಿಯೊಬ್ಬ, "ಸ್ವಲ್ಪ ಜಾಸ್ತಿ ಆಯ್ತೇನೋ" ಅಂದ. ನಾನು ಒಂದು ಕ್ಷಣವೂ ಯೋಚಿಸದೆ ಉತ್ತರ ಕೊಟ್ಟೆ: "ಪೆಟ್ಟು ತಿಂದ ಕಬ್ಬಿಣಾನೇ ಗಟ್ಟಿ, ಗುರು."

ಮುಂದಿನ ತಿಂಗಳುಗಳಲ್ಲಿ ಇನ್ನೂ ಮೂರ್ನಾಲ್ಕು ಸಲ ಹಾಗೇ ಆಯ್ತು. ಪ್ರತಿ ಸಲವೂ ಅವಳು "ಸರಿ ಸರ್" ಅಂದಳು. ಆಗಸ್ಟ್‌ನಲ್ಲಿ ರಾಜೀನಾಮೆ ಕೊಟ್ಟಳು. ಫಾರಂನಲ್ಲಿ ಕಾರಣ ಅಂತ ಇದ್ದದ್ದು ಎರಡೇ ಪದ: ವೈಯಕ್ತಿಕ ಕಾರಣ.

ಆ ಕಬ್ಬಿಣದ ಮಾತು ನನ್ನದಲ್ಲ, ನನ್ನ ಸಣ್ಣ ಮಾವನದ್ದು. ಅಮ್ಮನ ತಮ್ಮ. ಬಳ್ಳಾರಿಯ ಪಾರ್ವತಿನಗರದಲ್ಲಿ ನಮ್ಮ ಮನೆಯ ಹಿಂದಿನ ರೂಮಿನಲ್ಲೇ ಇದ್ದ, ಮದುವೆಯಾಗುವ ತನಕ. ಸ್ಯಾಂಡ್ ಬ್ಲಾಸ್ಟಿಂಗ್ ಅವನ ಕೆಲಸ. ಅಂದ್ರೆ ಕಂಪ್ರೆಸರ್ ಗಾಳಿಯ ರಭಸಕ್ಕೆ ಮರಳು ಸೇರಿಸಿ, ಪೈಪಿನ ಮೂತಿಯಿಂದ ಕಬ್ಬಿಣದ ಮೇಲೆ ಹೊಡೆದು, ತುಕ್ಕು, ಹಳೇ ಬಣ್ಣ, ಗಿರಣಿಯಿಂದ ಬರುವಾಗಲೇ ಅಂಟಿಕೊಂಡಿರೋ ಕಪ್ಪು ಪದರ ಎಲ್ಲಾ ಕಿತ್ತು ತೆಗೆಯೋದು. ಟ್ಯಾಂಕು, ಪೈಪು, ಕಾರ್ಖಾನೆ ಶೆಡ್ಡಿನ ತೊಲೆ, ಯಾವುದಕ್ಕೇ ಆಗಲಿ ಬಣ್ಣ ಹಚ್ಚೋಕೆ ಮುಂಚೆ ಇದು ಆಗಬೇಕು. ಸುತ್ತಮುತ್ತ ಸ್ಟೀಲ್ ಮತ್ತು ಸ್ಪಾಂಜ್ ಐರನ್ ಕಾರ್ಖಾನೆಗಳು ಏಳ್ತಾ ಇದ್ದ ಕಾಲ, ಕಂಟ್ರಾಕ್ಟರುಗಳಿಗೆ ಕೈತುಂಬಾ ಕೆಲಸ. ಮಾವ ಒಬ್ಬ ಕಂಟ್ರಾಕ್ಟರನ ಗ್ಯಾಂಗಿನಲ್ಲಿದ್ದ. ಹಗರಿ ಹೊಳೆಯ ಮರಳನ್ನ ಬಿಸಿಲಿಗೆ ಹರಡಿ, ಒಣಗಿಸಿ, ಜರಡಿ ಹಿಡಿದು ತುಂಬೋರು. ಮುಖಕ್ಕೆ ಒಂದು ಟವೆಲ್, ಕಣ್ಣಿಗೆ ಕನ್ನಡಕ. ಸಂಜೆ ಮನೆಗೆ ಬಂದರೆ ಹುಬ್ಬಿನ ತನಕ ಬೂದು ಬಣ್ಣ. ಅಮ್ಮ ಹಿತ್ತಲಲ್ಲೇ ನಿಲ್ಲಿಸಿ ನೀರು ಕೊಡ್ತಿದ್ಲು.

ಒಂದು ದಿನ ಅಂಗೈ ಅಗಲದ ಸ್ಟೀಲ್ ತುಂಡು ತಂದುಕೊಟ್ಟ. ಅರ್ಧ ಭಾಗ ತುಕ್ಕು, ಅರ್ಧ ಭಾಗ ಬ್ಲಾಸ್ಟ್ ಮಾಡಿದ್ದು, ಬೆಳ್ಳಗೆ, ಸಕ್ಕರೆ ಚೆಲ್ಲಿದ ಹಾಗೆ ಹೊಳೀತಿತ್ತು. ಸಿಇಟಿ ರ‍್ಯಾಂಕ್ ಕೆಟ್ಟು ನಾನು ಎರಡು ದಿನ ಊಟ ಬಿಟ್ಟು ಕೂತಾಗ ಅದೇ ತುಂಡನ್ನ ಎತ್ತಿ ತೋರಿಸಿ ಹೇಳಿದ್ದ: "ನೋಡಳಿಯ, ಇದು ಎಷ್ಟು ಪೆಟ್ಟು ತಿಂದೈತೆ ಗೊತ್ತೇನು? ಪೆಟ್ಟು ತಿಂದ ಕಬ್ಬಿಣಾನೇ ಗಟ್ಟಿ. ಏಳು, ಉಣ್ಣು."

ಎದ್ದು ಉಂಡೆ. ಆ ಮಾತು ನನ್ನನ್ನ ನಿಜವಾಗಲೂ ಎಬ್ಬಿಸಿತ್ತು. ಅದಕ್ಕೇ ಇಷ್ಟು ವರ್ಷ ಜೊತೆಗಿಟ್ಟುಕೊಂಡಿದ್ದೆ.

ಆ ಹುಡುಗಿ ಬಿಟ್ಟು ಹೋದ ಕೆಲವು ವಾರಗಳ ನಂತರ, ಪೀಣ್ಯದಲ್ಲಿ ಕೆಲಸ ಮಾಡೋ ನನ್ನ ಇಂಜಿನಿಯರಿಂಗ್ ಗೆಳೆಯನ ಜೊತೆ ಊಟಕ್ಕೆ ಕೂತಿದ್ದೆ. ಅವನದ್ದು ಮೆಕ್ಯಾನಿಕಲ್. ಮಾವನ ಮಾತು ಹೇಳಿದೆ. ಅವನು ನಕ್ಕ. "ನಿಮ್ ಮಾವ ಹೇಳಿದ್ದು ಅರ್ಧ ಸರಿ ಕಣೋ. ಆದ್ರೆ ಅವರು ಮಾಡ್ತಿದ್ದ ಕೆಲಸಕ್ಕೆ ಆ ಮಾತು ಅಷ್ಟಾಗಿ ಹೊಂದಲ್ಲ. ಬ್ಲಾಸ್ಟಿಂಗ್ ಅಂದ್ರೆ ಕ್ಲೀನ್ ಮಾಡೋದು, ಬಣ್ಣ ಕಚ್ಚಿಕೊಳ್ಳಲಿ ಅಂತ ಮೈ ಸ್ವಲ್ಪ ಒರಟು ಮಾಡೋದು. ಗಟ್ಟಿ ಮಾಡೋದಕ್ಕೆ ಅಂತಾನೇ ಹೊಡೆಯೋ ಕೆಲಸ ಬೇರೆ ಇದೆ. ಶಾಟ್ ಪೀನಿಂಗ್."

ಅವನು ವಿವರಿಸಿದ್ದನ್ನ ನನಗೆ ಅರ್ಥವಾದ ಹಾಗೆ ಹೇಳ್ತೀನಿ. ಸ್ಪ್ರಿಂಗು, ಗೇರು, ವಿಮಾನದ ಇಂಜಿನ್ನಿನ ಬ್ಲೇಡು, ಇವು ಒಂದೇ ದೊಡ್ಡ ಹೊಡೆತಕ್ಕೆ ಮುರಿಯೋದು ಕಡಿಮೆ. ಸಣ್ಣ ಭಾರ ಲಕ್ಷಗಟ್ಟಲೆ ಸಲ ಬಿದ್ದು ಬಿದ್ದು ಒಂದು ದಿನ ಬಿರುಕು ಬಿಡ್ತವೆ. ಇಂಜಿನಿಯರುಗಳು ಅದನ್ನ ಫಟೀಗ್ ಅಂತಾರೆ, ದಣಿವು. ಬಿರುಕು ಸಾಮಾನ್ಯವಾಗಿ ಶುರುವಾಗೋದು ಮೇಲ್ಮೈಯಲ್ಲಿ, ಲೋಹ ಎಳೆತಕ್ಕೆ ಸಿಕ್ಕ ಜಾಗದಲ್ಲಿ. ಶಾಟ್ ಪೀನಿಂಗ್‌ನಲ್ಲಿ ಸಾಸಿವೆ, ರಾಗಿ ಕಾಳಿನಷ್ಟು ಸಣ್ಣ ದುಂಡನೆ ಉಕ್ಕಿನ ಗುಂಡುಗಳನ್ನ ಆ ಮೇಲ್ಮೈಗೆ ಹೊಡೀತಾರೆ. ಪ್ರತಿ ಗುಂಡೂ ಒಂದು ಪುಟಾಣಿ ಕುಳಿ ಮಾಡುತ್ತೆ. ಕುಳಿಯ ಸುತ್ತಲಿನ ಚರ್ಮ ಹಿಗ್ಗೋಕೆ ನೋಡುತ್ತೆ, ಒಳಗಿನ ಲೋಹ ಬಿಡಲ್ಲ, ಹಿಡಿದು ಅದುಮುತ್ತೆ. ಹೀಗೆ ಇಡೀ ಮೇಲ್ಮೈ ಒಳಮುಖವಾಗಿ ಅದುಮಿಕೊಂಡು ಕೂರುತ್ತೆ. ಆಮೇಲೆ ಎಳೆತ ಬಂದರೂ ಮೊದಲು ಆ ಅದುಮನ್ನ ಮೀರಬೇಕು, ಹಾಗಾಗಿ ಬಿರುಕಿಗೆ ಬಾಯಿ ತೆರೆಯೋದೇ ಕಷ್ಟ. ಲಾರಿಯ ಕಮಾನ್ ಪ್ಲೇಟು, ಅದೇ ಲೀಫ್ ಸ್ಪ್ರಿಂಗು, ಹೀಗೆ ಪೆಟ್ಟು ತಿಂದೇ ಬಾಳಿಕೆ ಪಡೆಯೋದು.

ಅಂದ್ರೆ ಮಾವನ ಮಾತು ನಿಜ! ನನಗೆ ಒಳಗೊಳಗೇ ಸಮಾಧಾನ ಆಯ್ತು. ಅಷ್ಟರಲ್ಲಿ ಗೆಳೆಯ ಬ್ಯಾಗಿನಿಂದ ಒಂದು ಸಣ್ಣ ಉಕ್ಕಿನ ಪಟ್ಟಿ ತೆಗೆದು ಟೇಬಲ್ ಮೇಲಿಟ್ಟ. ಮೂರು ಇಂಚು ಉದ್ದ, ಮುಕ್ಕಾಲು ಇಂಚು ಅಗಲ, ಒಂದೂಕಾಲು ಮಿಲಿಮೀಟರಿಗಿಂತ ಸ್ವಲ್ಪ ದಪ್ಪ. ಸಣ್ಣಗೆ ಬಿಲ್ಲಿನ ಹಾಗೆ ಬಾಗಿತ್ತು.

"ಇದು ಆಲ್ಮೆನ್ ಸ್ಟ್ರಿಪ್" ಅಂದ. ಅಮೆರಿಕದ ಜನರಲ್ ಮೋಟರ್ಸ್‌ನಲ್ಲಿದ್ದ ಜೆ. ಓ. ಆಲ್ಮೆನ್ 1940ರ ದಶಕದಲ್ಲಿ ಕೊಟ್ಟ ಉಪಾಯ. ಬಿಡಿಭಾಗ ಇರೋ ಜಾಗದಲ್ಲಿ ಈ ಪಟ್ಟಿಯನ್ನ ಒಂದು ಗಟ್ಟಿ ದಿಮ್ಮಿಗೆ ನಾಲ್ಕು ಸ್ಕ್ರೂಗಳಿಂದ ಬಿಗಿದು, ಬಿಡಿಭಾಗಕ್ಕೆ ಬೀಳೋ ಪೆಟ್ಟುಗಳೇ ಇದಕ್ಕೂ ಬೀಳೋ ಹಾಗೆ ಮಾಡ್ತಾರೆ. ಒಂದೇ ಮಗ್ಗುಲಿಗೆ ಪೆಟ್ಟು ಬಿದ್ದಿರೋದ್ರಿಂದ, ಬಿಚ್ಚಿದ ತಕ್ಷಣ ಪಟ್ಟಿ ಬಾಗುತ್ತೆ. ಎಷ್ಟು ಬಾಗಿದೆ ಅಂತ ಗೇಜಿನಲ್ಲಿ ಅಳೆದರೆ ಪೆಟ್ಟಿನ ತೀವ್ರತೆ ಗೊತ್ತಾಗುತ್ತೆ. ಹೊತ್ತು ಹೆಚ್ಚಿಸ್ತಾ ಒಂದೊಂದೇ ಪಟ್ಟಿ ಹೊಡೆದು ನೋಡ್ತಾರೆ. ಹೊತ್ತನ್ನ ಎರಡು ಪಟ್ಟು ಮಾಡಿದಾಗ ಬಾಗು ಬರೀ ಶೇ 10ರಷ್ಟು ಹೆಚ್ಚಿದರೆ, ಆ ಹಂತಕ್ಕೆ ಸ್ಯಾಚುರೇಶನ್ ಅಂತ ಹೆಸರು. ಅಲ್ಲಿಂದಾಚೆ ಸುಮ್ಮನೆ ಹೊಡೀತಾ ಹೋದರೆ ಲಾಭ ಇಲ್ಲ, ಅತಿಯಾದರೆ ಬಿರುಕು ತಡೆಯಬೇಕಾದ ಪೆಟ್ಟೇ ಮೇಲ್ಮೈಯಲ್ಲಿ ಬಿರುಕು ಹುಟ್ಟಿಸುತ್ತೆ. ಗುಂಡುಗಳ ಮೇಲೂ ಕಣ್ಣಿಟ್ಟಿರಬೇಕು. ಒಡೆದು ಚೂಪಾದ ಗುಂಡು ಕುಳಿ ಮಾಡಲ್ಲ, ಗೀರುತ್ತೆ. ಅಂಥವನ್ನ ಆಗಾಗ ಬೇರ್ಪಡಿಸಿ ಎಸೀತಾರೆ.

ನಾನು ಕೇಳಿದೆ, "ಇಷ್ಟೆಲ್ಲಾ ಯಾಕೆ? ಆ ಬಿಡಿಭಾಗವನ್ನೇ ನೋಡಿದ್ರೆ ಗೊತ್ತಾಗಲ್ವಾ?"

"ಹೇಗೆ ಗೊತ್ತಾಗುತ್ತೆ? ಅದು ದಪ್ಪ ಇರುತ್ತೆ. ಎಷ್ಟು ಹೊಡೆದ್ರೂ ಕಣ್ಣಿಗೆ ಕಾಣೋ ಹಾಗೆ ಬಾಗಲ್ಲ."

ನನಗೆ ಅನ್ನ ಗಂಟಲಲ್ಲಿ ನಿಂತ ಹಾಗಾಯ್ತು. ಬಾಗಲಿಲ್ಲ ಅನ್ನೋದನ್ನೇ ನಾನು ಸಾಕ್ಷಿ ಅಂದುಕೊಂಡಿದ್ದೆ. ಅವಳು ಅಳಲಿಲ್ಲ, ಆದ್ದರಿಂದ ನೋವಾಗಿಲ್ಲ. "ಸರಿ ಸರ್" ಅಂದಳು, ಆದ್ದರಿಂದ ಸರಿಯಾಗೇ ಇದೆ. ನಮ್ಮ ಆಫೀಸುಗಳಲ್ಲಿ, ನಮ್ಮ ಮನೆಗಳಲ್ಲಿ, ಗಟ್ಟಿ ಇರೋರಿಗೇ ಹೆಚ್ಚು ಪೆಟ್ಟು ಬೀಳೋದು ಇದೇ ಕಾರಣಕ್ಕೆ ಅಲ್ವಾ? "ಅವನು ತಡ್ಕೊಳ್ತಾನೆ ಬಿಡು", "ದೊಡ್ಡ ಮಗಳು, ಅವಳಿಗೆ ಅರ್ಥ ಆಗುತ್ತೆ". ತಡ್ಕೊಳ್ಳೋರ ಮುಖ ನೋಡಿ ಪೆಟ್ಟು ಅಳೆಯೋಕೆ ಆಗಲ್ಲ. ಅಳತೆ ಬೇರೆ ಕಡೆ ಇರಬೇಕು, ಅದನ್ನ ಹೊಡೆಯೋನೇ ಮೊದಲು ಸಿದ್ಧಮಾಡಿಕೊಂಡಿರಬೇಕು. ಪೀನಿಂಗಿಗೂ ಬರೀ ಹೊಡೆತಕ್ಕೂ ಇರೋ ವ್ಯತ್ಯಾಸ ಇಷ್ಟೇ ಅಂತ ನನಗೆ ಅನಿಸಿತು. ಎರಡರಲ್ಲೂ ಗುಂಡು ಬೀಳುತ್ತೆ. ಒಂದರಲ್ಲಿ ಲೆಕ್ಕ ಇಡೋರು ಇರ್ತಾರೆ.

"ಆದ್ರೂ ಕಷ್ಟಪಟ್ಟೋರೇ ಮೇಲೆ ಬಂದಿದ್ದಾರಲ್ಲ" ಅಂತ ನೀವು ಹೇಳಬಹುದು. ನಾನೂ ಹಾಗೇ ಹೇಳ್ತಿದ್ದೆ. ನನ್ನ ಮೊದಲ ಬಾಸ್ ನನ್ನನ್ನ ಹುರಿದು ಮುಕ್ಕಿದ್ದ, ನಾನು ಉಳಿದೆ, ಬೆಳೆದೆ. ಈ ವಾದಕ್ಕೆ ಉತ್ತರ ನಮ್ಮೂರಿನ ರಸ್ತೆಯಲ್ಲೇ ಇತ್ತು.

ನಾನು ಹೈಸ್ಕೂಲು, ಪಿಯುಸಿ ಓದೋವಾಗ ಬಳ್ಳಾರಿ ಜಿಲ್ಲೆ ಅದಿರಿನ ಅಮಲಿನಲ್ಲಿತ್ತು. ಹಗಲು ರಾತ್ರಿ ಅದಿರು ಲಾರಿಗಳು. ಮನೆ ಕಿಟಕಿ, ಬಟ್ಟೆ, ಬೇವಿನ ಎಲೆ, ಎಲ್ಲಾ ಕೆಂಪು. 2011ರ ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆಯವರು ಕೊಟ್ಟ ಅಕ್ರಮ ಗಣಿಗಾರಿಕೆಯ ವರದಿಯಲ್ಲಿ ಲಾರಿಗಳ ಓವರ್‌ಲೋಡ್ ವಿಷಯವೂ ಇತ್ತು. ಎರಡು ದಿನದ ಮೇಲೆ ಸುಪ್ರೀಂ ಕೋರ್ಟ್ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಆದ್ರೆ ಓವರ್‌ಲೋಡ್ ಅಂದ್ರೆ ಏನು ಅಂತ ತಿಳಿಯೋಕೆ ನಮಗೆ ವರದಿ ಬೇಕಿರಲಿಲ್ಲ. ರಸ್ತೆ ಬದಿಯ ಕಮಾನ್ ಕೆಲಸದ ಶೆಡ್ಡುಗಳ ಮುಂದೆ ಮುರಿದ ಪ್ಲೇಟುಗಳು ರಾಶಿ ಬಿದ್ದಿರೋವು. ಎಷ್ಟೇ ಚೆನ್ನಾಗಿ ಪೀನ್ ಮಾಡಿದ ಪ್ಲೇಟಾದರೂ ಅದಕ್ಕೊಂದು ಮಿತಿ ಇದೆ. ಮಿತಿ ಮೀರಿ ತುಂಬಿದರೆ, ಒಳಗೆ ಕೂತ ಅದುಮು ಯಾವ ಕೆಲಸಕ್ಕೂ ಬರಲ್ಲ.

ಓಡ್ತಾ ಇರೋ ಲಾರಿ ಕೆಳಗಿನ ಪ್ಲೇಟನ್ನ ತೋರಿಸಿ "ನೋಡು, ಎಷ್ಟು ಭಾರ ಹೊತ್ತು ಎಷ್ಟು ಗಟ್ಟಿಯಾಗಿದೆ" ಅನ್ನೋದು ಸುಲಭ. ಮುರಿದವು ಗುಜರಿಗೆ ಹೋಗಿರ್ತವೆ, ಅವು ಬಂದು ಸಾಕ್ಷಿ ಹೇಳಲ್ಲ. ಆಫೀಸಿನಲ್ಲೂ ಅಷ್ಟೆ. ಪೆಟ್ಟು ತಿಂದು ಉಳಿದೋನು ಮ್ಯಾನೇಜರ್ ಆಗಿ ಪೆಟ್ಟಿನ ಗುಣಗಾನ ಮಾಡ್ತಾನೆ. ಮುರಿದೋರ ಫಾರಂನಲ್ಲಿ "ವೈಯಕ್ತಿಕ ಕಾರಣ" ಅಂತ ಇರುತ್ತೆ.

ಈಗ ಮಾವನ ವಿಷಯ. ಇದನ್ನ ಬರೆಯೋದು ನನಗೆ ಸುಲಭ ಇಲ್ಲ.

ನಲವತ್ತು ದಾಟಿದ ಮೇಲೆ ಅವನಿಗೆ ಮೆಟ್ಟಿಲು ಹತ್ತೋಕೆ ಉಸಿರು ಸಾಲದಾಯ್ತು. ಒಣ ಕೆಮ್ಮು, ತೂಕ ಇಳೀತು. ಟಿಬಿ ಅಂದರು, ಮಾತ್ರೆ ಕೊಟ್ಟರು. ಮುಗಿದ ಮೇಲೆ ಮತ್ತೆ ಟಿಬಿ ಅಂದರು. ಎರಡೂ ಸಲ ಯಾರೂ ಅವನಿಗೆ ಒಂದು ಪ್ರಶ್ನೆ ಕೇಳಿರಲಿಲ್ಲ. ಕೊನೆಗೆ ಬೆಂಗಳೂರಿನಲ್ಲಿ ನಾನು ಕರೆದುಕೊಂಡು ಹೋದ ಎದೆರೋಗದ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, "ಏನು ಕೆಲಸ ಮಾಡ್ತಿದ್ರಿ?" ಅಂದರು. ಮಾವ ಹೇಳಿದ. ಡಾಕ್ಟರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಮರಳಿನಲ್ಲಿರೋದು ಸಿಲಿಕಾ. ಕಬ್ಬಿಣಕ್ಕೆ ಬಡಿದು ಒಡೆದಾಗ ಅದರ ಧೂಳು ಕಣ್ಣಿಗೆ ಕಾಣದಷ್ಟು ಸಣ್ಣದಾಗುತ್ತೆ, ಟವೆಲನ್ನ ಲೆಕ್ಕಕ್ಕೇ ಇಡಲ್ಲ. ಶ್ವಾಸಕೋಶದ ಆಳಕ್ಕೆ ಇಳಿದು, ಅಲ್ಲೇ ಕೂತು, ಗಾಯದ ಕಲೆ ಬೆಳೆಸ್ತಾ ಹೋಗುತ್ತೆ. ಅದೇ ಸಿಲಿಕೋಸಿಸ್. ಕೆಲಸ ಬಿಟ್ಟರೂ ಅದು ಮುಂದುವರಿಯಬಹುದು, ಗುಣಪಡಿಸೋ ಔಷಧಿ ಇಲ್ಲ, ಟಿಬಿ ಬರೋದಕ್ಕೂ ದಾರಿ ಮಾಡಿಕೊಡುತ್ತೆ. ಇದೇನೂ ಹೊಸ ಸಂಗತಿಯಲ್ಲ. ಬ್ರಿಟನ್ 1949ರಲ್ಲೇ ಇಂಥ ಕೆಲಸಕ್ಕೆ ಮರಳು ಬಳಸೋದನ್ನ ನಿಷೇಧಿಸಿತ್ತು. ನಮ್ಮ 1948ರ ಫ್ಯಾಕ್ಟರಿ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ, ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿ ಸಿಲಿಕೋಸಿಸ್ ಇತ್ತು. ಟರ್ಕಿಯಲ್ಲಿ ಜೀನ್ಸ್ ಪ್ಯಾಂಟಿಗೆ ಹಳೇ ಮಾಸಲು ರೂಪ ಬರಲಿ ಅಂತ ಮರಳು ಹೊಡೀತಿದ್ದ ಹುಡುಗರು ಇದೇ ರೋಗಕ್ಕೆ ಸಿಕ್ಕಿ ಸತ್ತ ಮೇಲೆ, 2009ರಲ್ಲಿ ಅಲ್ಲಿ ಅದನ್ನ ನಿಷೇಧಿಸಿದರು. ನಾನು ಜೀನ್ಸ್ ಹೊಲಿಯೋ ಊರಿನಲ್ಲಿ ಬೆಳೆದವನು. ಆದ್ರೂ ಪ್ಯಾಂಟಿನ ಮೊಣಕಾಲಿನ ಆ ಬಿಳುಪಿಗೆ ಎಲ್ಲೋ ಯಾರೋ ಹೀಗೆ ಬೆಲೆ ಕಟ್ಟಿರಬಹುದು ಅಂತ ಹೊಳೆದಿದ್ದು ಮಾವನ ಎಕ್ಸ್‌ರೇ ನೋಡಿದ ಮೇಲೆ. ಮರಳಿನ ಬದಲು ಉಕ್ಕಿನ ಗ್ರಿಟ್, ಗಾರ್ನೆಟ್ ಇವೆ. ಹೊರಗಿಂದ ಶುದ್ಧ ಗಾಳಿ ಕೊಡೋ ಹೆಲ್ಮೆಟ್ ಇದೆ. ಮರಳು ಅಗ್ಗ, ಟವೆಲ್ ಇನ್ನೂ ಅಗ್ಗ.

ಕಬ್ಬಿಣ ಎಷ್ಟು ಬೆಳ್ಳಗಾಗಬೇಕು ಅನ್ನೋದಕ್ಕೆ ಫೋಟೋ ಸಮೇತ ಅಂತರರಾಷ್ಟ್ರೀಯ ಸ್ಟಾಂಡರ್ಡ್ ಇದೆ. ಮಾವನಿಗೂ ಅದು ಬಾಯಿಪಾಠ. "ಎಸ್‌ಎ ಎರಡೂವರೆ ಬರ್ಬೇಕು, ಇಲ್ಲಾಂದ್ರ ಇನ್‌ಸ್ಪೆಕ್ಟರ್ ಪಾಸ್ ಮಾಡಲ್ಲ" ಅಂತಿದ್ದ. ಕಬ್ಬಿಣವನ್ನ ಹೀಗೆ ಪರೀಕ್ಷೆ ಮಾಡೋರು ಇದ್ದರು. ಅದೇ ಧೂಳಿನಲ್ಲಿ ಹದಿನೆಂಟು ವರ್ಷ ನಿಂತವನ ಎದೆಯನ್ನ ಒಂದು ಸಲವೂ ಯಾರೂ ಪರೀಕ್ಷೆ ಮಾಡಿರಲಿಲ್ಲ. ಅವನು ಗಟ್ಟಿ ಆಳು, ಬಾಗ್ತಿರಲಿಲ್ಲ. 2016ರಲ್ಲಿ ಹೋದ. ನಲವತ್ತಾರು ವರ್ಷ.

ಅವನಿಗೆ ಆ ಮಾತು ಯಾಕೆ ಬೇಕಿತ್ತು ಅಂತ ಈಗ ಯೋಚಿಸ್ತೀನಿ. ಬೇರೆ ಕೆಲಸ ಸಿಗದ ಮನುಷ್ಯ, ದಿನಾ ತಿನ್ನೋ ಪೆಟ್ಟಿಗೆ ಒಂದು ಅರ್ಥ ಕೊಟ್ಟುಕೊಂಡಿದ್ದ. ಪೆಟ್ಟು ತಿನ್ನೋನು ತನ್ನ ಧೈರ್ಯಕ್ಕೆ ಆ ಮಾತು ಹೇಳಿಕೊಳ್ಳಬಹುದು. ಬಿದ್ದು ಕೂತ ಅಳಿಯನನ್ನ ಎಬ್ಬಿಸೋಕೂ ಹೇಳಬಹುದು. ಆದ್ರೆ ಪೆಟ್ಟು ಕೊಡೋನು ಅದೇ ಮಾತು ಹೇಳಿದ ಕ್ಷಣ ಅದರ ಅರ್ಥವೇ ಬೇರೆ ಆಗುತ್ತೆ, ಅದು ನೆಪ ಆಗುತ್ತೆ. ಮಾವನಿಂದ ಮಾತು ಎತ್ತಿಕೊಂಡ ನಾನು, ಅವನು ಯಾವ ಜಾಗದಲ್ಲಿ ನಿಂತು ಅದನ್ನ ಹೇಳಿದ್ದ ಅನ್ನೋದನ್ನ ಮರೆತಿದ್ದೆ.

ಹಾಗಂತ ಯಾರಿಗೂ ಏನೂ ಹೇಳಬಾರದು ಅಂತ ನಾನು ವಾದ ಮಾಡ್ತಿಲ್ಲ. ಪೀನ್ ಮಾಡದ ಸ್ಪ್ರಿಂಗ್ ಬೇಗ ಮುರಿಯುತ್ತೆ, ಅದೂ ನಿಜ. ಎರಡೆರಡು ಬಿಲ್ ಹೋದಾಗ ಸುಮ್ಮನಿದ್ದಿದ್ದರೆ ಆ ಹುಡುಗಿಗೂ ಗ್ರಾಹಕರಿಗೂ ಅನ್ಯಾಯವೇ. ತಪ್ಪನ್ನ ತಪ್ಪು ಅನ್ನಲೇಬೇಕು, ಕಷ್ಟದ ಕೆಲಸ ಕೊಡಲೇಬೇಕು. ಎಷ್ಟು, ಯಾವಾಗ ನಿಲ್ಲಿಸಬೇಕು, ಗುಂಡು ದುಂಡಗಿದೆಯಾ ಚೂಪಾಗಿದೆಯಾ ಅಂತ ಯೋಚಿಸೋ ಹೊಣೆ ಮಾತ್ರ ಹೊಡೆಯೋನದ್ದು. ಅವತ್ತಿನ ಇಪ್ಪತ್ತು ನಿಮಿಷದಲ್ಲಿ ಉಪಯೋಗಕ್ಕೆ ಬಂದ ಮಾತು ಮೊದಲ ನಾಲ್ಕು ನಿಮಿಷದ್ದು. ಉಳಿದ ಹದಿನಾರು ನಿಮಿಷ ನನ್ನ ಸಿಟ್ಟಿಗೆ, ನೋಡ್ತಾ ಕೂತಿದ್ದವರಿಗೆ. ಮತ್ತೆ, ಕಬ್ಬಿಣದ ಹೋಲಿಕೆ ಒಂದು ಕಡೆ ನಿಂತು ಹೋಗುತ್ತೆ. ಕಬ್ಬಿಣಕ್ಕೆ ಬಾಯಿಲ್ಲ, ಅದಕ್ಕೇ ಪಟ್ಟಿ ಬೇಕು. ಮನುಷ್ಯರಿಗೆ ಬಾಯಿದೆ. ಕೇಳಬಹುದು. ನಾನು ಒಂದು ಸಲವೂ ಅವಳನ್ನ ಪಕ್ಕಕ್ಕೆ ಕರೆದು "ಹೇಗಿದೀಯಮ್ಮಾ, ಏನಾಗ್ತಿದೆ?" ಅಂತ ಕೇಳಿರಲಿಲ್ಲ.

ಮಾವ ಇನ್ನೊಂದು ಮಾತು ಹೇಳ್ತಿದ್ದ. ಅದನ್ನ ನಾನು ಅವನ ಪಾಠ ಅಂತ ಎಣಿಸಿಯೇ ಇರಲಿಲ್ಲ, ಬರೀ ಕೆಲಸದ ವಿಷಯ ಅಂದುಕೊಂಡಿದ್ದೆ. ಬ್ಲಾಸ್ಟ್ ಮಾಡಿದ ಕಬ್ಬಿಣ ಬೆತ್ತಲೆ ಕಬ್ಬಿಣ. ಮೈಮೇಲೆ ಏನೂ ಇಲ್ಲದ್ದರಿಂದ ಗಾಳಿಯ ತೇವಕ್ಕೇ ತುಕ್ಕು ಹಿಡಿಯೋಕೆ ಶುರುವಾಗುತ್ತೆ. ಅದಕ್ಕೇ ಅವನ ಗ್ಯಾಂಗಿನಲ್ಲಿ ಒಂದು ನಿಯಮ ಇತ್ತು: "ನಾಲ್ಕು ತಾಸಿನೊಳಗ ಪ್ರೈಮರ್ ಬೀಳ್ಬೇಕು ಅಳಿಯ. ಮಳೆ ಮೋಡ ಇದ್ರ ಅವತ್ತು ಹೊಡೆಯೋಕೇ ಹೋಗಬಾರ್ದು. ಹೊಡೆದು ಹಂಗೇ ಬಿಟ್ಟು ಮನಿಗೆ ಹೋದ್ರ, ಬೆಳಿಗ್ಗಿ ಮೊದ್ಲಿಗಿಂತ ಕೆಟ್ಟಿರ್ತೈತೆ."

ನಾನು ಹೊಡೆದು ಹಂಗೇ ಬಿಟ್ಟು ಮನೆಗೆ ಹೋಗಿದ್ದೆ. ಮೂರ್ನಾಲ್ಕು ಸಲ.

ಅಕ್ಟೋಬರ್‌ನಲ್ಲಿ ಅವಳಿಗೆ ಒಂದು ಮೆಸೇಜ್ ಕಳಿಸಿದೆ. ತಪ್ಪು ನಿನ್ನದಿತ್ತು, ಆದ್ರೆ ನಾನು ಮಾಡಿದ್ದೂ ತಪ್ಪು ಅಂತ. ಹೆಚ್ಚು ವಿವರಿಸಲಿಲ್ಲ. ಮೂರು ವಾರ ಉತ್ತರ ಬರಲಿಲ್ಲ. ಆಮೇಲೆ ಬಂತು: "ಪರವಾಗಿಲ್ಲ ಸರ್. ಅವತ್ತೇ ಸಂಜೆ ಇದನ್ನ ಹೇಳಿದ್ದಿದ್ರೆ ನಾನು ಬಿಡ್ತಿರಲಿಲ್ಲ ಅನ್ಸುತ್ತೆ."

ಮಾವ ಕೊಟ್ಟ ಸ್ಟೀಲ್ ತುಂಡು ಪಾರ್ವತಿನಗರದ ಮನೆಯ ಷೋಕೇಸಿನಲ್ಲಿ ಇನ್ನೂ ಇದೆ. ದೀಪಾವಳಿಗೆ ಹೋದಾಗ ತೆಗೆದು ನೋಡಿದೆ. ಬೆಳ್ಳಗಿದ್ದ ಅರ್ಧಕ್ಕೂ ಉಳಿದ ಅರ್ಧಕ್ಕೂ ಈಗ ವ್ಯತ್ಯಾಸ ಗೊತ್ತಾಗಲ್ಲ, ಎಲ್ಲಾ ಒಂದೇ ತುಕ್ಕು. ಅದಕ್ಕೆ ಬಣ್ಣ ಹಚ್ಚಬೇಕು ಅಂತ ಆಗ ನಮಗ್ಯಾರಿಗೂ ತೋಚಿರಲಿಲ್ಲ.